ಪೆಲತ್ತಡಿ ಗುತ್ತಿನ ಮದುಮಗಳು

ಪ್ರೀತಿಕಾ ಪತ್ರೊಡೆಗೆಂದು ಕೆಸುವಿನ ಎಲೆಗಳ ಬೆನ್ನಿನ ನಾರು ಸವರಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದರ ಮೇಲೊಂದು ಇಡುತ್ತಿದ್ದಳು. ಅರ್ಧ ಕಟ್ಟು ಬಾಕಿ ಇರುವಾಗಲೇ ಯಾರೋ ಬಾಗಿಲು ತಟ್ಟಿದರು. ಕೈ ತುರಿಸುತ್ತಿತ್ತು. ಮೊಣಕೈಯಿಂದಲೇ ಚಿಲಕ ಸರಿಸಿದಳು. ಹೊರಗೆ ಕುಂಬ್ರದ ಕಿಟ್ಟಣ್ಣ ನಿಂತಿದ್ದರು. ದರ್ಬೆಯಲ್ಲಿ ಬಸ್ಸಿಳಿದು ಮೂರು ಮಾಳಿಗೆ ಹತ್ತಿದ್ದರಿಂದ ಏದುಸಿರು ಬರುತ್ತಿತ್ತು.

"ಹುಡುಗ ಸಿಕ್ಕಿದ ಮಾರಾಯ್ತಿ" ಎಂದರು.

ಮದುವೆ ಸಂಬಂಧ ಕುದುರಿಸುವುದು ಕಿಟ್ಟಣ್ಣನ ಕಸುಬು. ಆದರೆ ಈ ಮನೆಯಲ್ಲಿ ಮದುವೆಯ ಪ್ರಾಯದ ಹುಡುಗಿ ಇರಲಿಲ್ಲ. ಪ್ರೀತಿಕಾಳ ಚೊಚ್ಚಲ ಮಗಳು ಹಾಲು ಕುಡಿಯುವ ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಬದುಕಿದ್ದರೆ ಈಗ ಇಪ್ಪತ್ತು. ಸತ್ತ ಮಕ್ಕಳಿಗೂ ಪ್ರಾಯವಾಗುತ್ತದೆ, ಅವರಿಗೂ ಮದುವೆ ಮಾಡಿಸಬೇಕು ಎನ್ನುವುದು ಈ ಕಡೆಯವರ ನಂಬಿಕೆ. ಮಳೆಗಾಲದ ಆಟಿ ತಿಂಗಳು ಬಂದಾಗ, ಸತ್ತ ಹುಡುಗನ ಮನೆಯವರೂ ಸತ್ತ ಹುಡುಗಿಯ ಮನೆಯವರೂ ಸೇರಿ, ಎರಡು ಮಣೆ ಇಟ್ಟು, ಸೀರೆ ಪಂಚೆ ಹಾಸಿ, ಇಬ್ಬರನ್ನೂ ಹೆಸರು ಹಿಡಿದು ಕರೆದು ಧಾರೆ ಎರೆಯುತ್ತಾರೆ. ಆಮೇಲೆ ಅವಳು ಗಂಡನ ಮನೆಯವಳು. ಗತಿಸಿದವರಿಗೆ ವರ್ಷಕ್ಕೊಮ್ಮೆ ಬಡಿಸುವ ಎಲೆಯೂ ಆ ಮನೆಯಲ್ಲೇ.

ಪ್ರೀತಿಕಾಳ ತಾಯಿ ಕಮಲಾವತಿ ಕೋಣೆಯಿಂದ ಬಂದು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. "ಯಾವ ಗುತ್ತು?" ಎಂದರು.

"ಹುಡುಗ ಚಿನ್ನದಂಥವ ಅಕ್ಕೆ. ಕುಡಿಯುದಿಲ್ಲ, ಬೀಡಿ ಎಳಿಯುದಿಲ್ಲ..." ಕಿಟ್ಟಣ್ಣ ನಾಲಿಗೆ ಕಚ್ಚಿಕೊಂಡರು. "ಬಾಯಿಗೆ ಅಭ್ಯಾಸ ಆಗಿದೆ, ಎಂತ ಮಾಡುದು. ನಾಲ್ಕು ವರ್ಷದ ಮಗು, ಕೆರೆಗೆ ಬಿದ್ದದ್ದು. ನಮ್ಮ ಅಚ್ಚುತನ ಮಗ."

"ಅಚ್ಚುತನದ್ದಾ! ಅವನ ಅಜ್ಜ ನಮ್ಮ ಅಂಗಳಕ್ಕೆ ಗೇಣಿಯ ಅಕ್ಕಿ ಮುಡಿ ಹೊತ್ತುಕೊಂಡು ಬರ್ತಿದ್ದವ."

"ಹೌದಕ್ಕೆ. ಈಗ ಆ ಅಂಗಳವೂ ಅವರದ್ದೇ ಅಲ್ವಾ."

ಕಮಲಾವತಿ ಸೆರಗು ಸರಿಪಡಿಸಿಕೊಂಡರು. ಅವರ ಮಾತಿನಲ್ಲಿ ಪೆಲತ್ತಡಿ ಗುತ್ತು, ಊರಾಳಿದ ಆ ಹಳೆಯ ದೊಡ್ಡಮನೆ, ಇನ್ನೂ ಬಿದ್ದಿರಲಿಲ್ಲ. ಬಲ್ಲಾಳರು ಆಳುತ್ತಿದ್ದ ಕಾಲದಲ್ಲಿ ಸೀತು ಎಂಬವಳ ಅಣ್ಣನಿಗೆ ನಾಲ್ಕು ಗ್ರಾಮದ ಯಜಮಾನಿಕೆ ಸಿಕ್ಕಿತಂತೆ. ಅಲ್ಲಿಂದ ಪಟ್ಟ ಮಾವನಿಂದ ಸೋದರಳಿಯನಿಗೆ, ಮನೆತನ ತಾಯಿಯಿಂದ ಮಗಳಿಗೆ ಇಳಿಯುತ್ತಾ ಬಂತು. ಹೆಣ್ಣು ಹುಟ್ಟಿದರೆ ಚಾವಡಿಯಲ್ಲಿ ಜೋಡಿ ದೀಪ ಹಚ್ಚುತ್ತಿದ್ದರು. ಆ ಮನೆಯ ಹುಡುಗಿಯರು ದಂಡಿಗೆಯಲ್ಲಿ ಕುಳಿತು ಬೇರೆ ಗುತ್ತುಗಳಿಗಲ್ಲದೆ ಎಲ್ಲಿಗೂ ಹೋದವರಲ್ಲ. ಭೂಮಸೂದೆ ಬಂದಾಗ ಗದ್ದೆಗಳು ಒಕ್ಕಲಿನವರ ಪಾಲಾದವು. ಆದರೂ ಭೂತದ ನೇಮದ ದಿನ ದೈವ ಮೊದಲು ಕರೆಯುತ್ತಿದ್ದದ್ದು ಪೆಲತ್ತಡಿಯವರನ್ನೇ. ಕೊನೆಯ ಯಜಮಾನ ತೀರಿಕೊಂಡ ಮೇಲೆ ಇಬ್ಬರು ಸೋದರಳಿಯಂದಿರು ಪಟ್ಟಕ್ಕಾಗಿ ಕೋರ್ಟು ಹತ್ತಿದರು.

ಪ್ರೀತಿಕಾಳಿಗೆ ಮಗಳು ಹುಟ್ಟಿದ್ದು ಆ ಜಗಳದ ನಡುವೆ. ಪೆಲತ್ತಡಿಯ ಹೆಣ್ಣುಮಗುವಿನ ಕಿವಿಯಲ್ಲಿ ಪಟ್ಟದವನೇ ಚಾವಡಿಯಲ್ಲಿ ಕುಳಿತು ಹೆಸರು ಹೇಳಬೇಕು. ಪಟ್ಟದಲ್ಲಿ ಯಾರೂ ಇರಲಿಲ್ಲ. ದೇವಸ್ಥಾನದಲ್ಲಾದರೂ ಹೆಸರಿಡುವ ಎಂದು ಪ್ರೀತಿಕಾ ಬೇಡಿಕೊಂಡಳು. "ಇಡೀ ಗುತ್ತಿನಲ್ಲಿ ಇನ್ನು ಇದೊಂದೇ ಹೆಣ್ಣು. ಕದ್ದವರ ಹಾಗೆ ಹೆಸರಿಡುದಾ? ಸ್ವಲ್ಪ ಕಾಯುವ" ಎಂದಿದ್ದರು ಕಮಲಾವತಿ. ಮಗು ಕಾಯಲಿಲ್ಲ. ಒಂದು ಜ್ವರಕ್ಕೆ ಹೋಗಿಬಿಟ್ಟಿತು. ಮುಂದೆ ಚಾವಡಿಯ ಕೆತ್ತನೆ ಕಂಬಗಳು ಯಾವುದೋ ಹೋಟೆಲಿಗೆ ಹೋದವು. ನೆಲವನ್ನು ಅಚ್ಚುತನ ಮನೆಯವರು ಕೊಂಡರು.

"ಅಚ್ಚುತನ ಎರಡನೆಯ ಮಗನಿಗೆ ಎಲ್ಲಿ ಹೋದರೂ ಹುಡುಗಿ ಕೂಡಿ ಬರುದಿಲ್ಲ. ಅಣ್ಣನದ್ದು ಮೊದಲು ಮಾಡಿ ಅಂತ ಜೋಯಿಸರ ಪ್ರಶ್ನೆಯಲ್ಲಿ ಕಂಡಿದೆ" ಎಂದರು ಕಿಟ್ಟಣ್ಣ. "ಮದುವೆ ಅವರ ಅಂಗಳದಲ್ಲೇ. ಪೆಲತ್ತಡಿಯ ಹುಡುಗಿ ಅಂತ ಕೇಳಿ ಅಚ್ಚುತ ಎದ್ದು ನಿಂತುಬಿಟ್ಟ, ಗೊತ್ತುಂಟಾ?"

"ಹಾಗಾದರೆ ಅವಳು ನಮ್ಮ ಹಳೆಯ ಅಂಗಳಕ್ಕೇ ಹೋಗುದು" ಎಂದಳು ಪ್ರೀತಿಕಾ, ತನಗೇ ಹೇಳಿಕೊಂಡಂತೆ.

"ಅಲ್ಲಿಗೇ. ಹುಡುಗಿಯ ಹೆಸರೊಂದು ಹೇಳು ಮಗಾ. ಮಣೆಗೆ ಕರೀಲಿಕ್ಕೆ ಬೇಕು."

"ಸೀತು" ಎಂದರು ಕಮಲಾವತಿ. "ಗುತ್ತಿನ ಮೊದಲ ಹೆಣ್ಣಿನ ಹೆಸರು."

"ಬೇಡ."

ಇಬ್ಬರೂ ಅವಳ ಕಡೆ ತಿರುಗಿದರು.

"ಅದೇ ಹೆಸರಿಗೆ ಅಲ್ವಾ ಅಮ್ಮ ನಾವು ಕಾದದ್ದು."

ಕಮಲಾವತಿ ಎದ್ದು ಒಳಗೆ ಹೋಗುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರಿಗೆ ಎಷ್ಟು ವಯಸ್ಸಾಗಿದೆ ಎಂದು ಪ್ರೀತಿಕಾಳಿಗೆ ಆಗ ಕಂಡಿತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಅನ್ನಿಸಿತು, ತೆಗೆದುಕೊಳ್ಳಲಿಲ್ಲ. ಒಳಗಿನ ಕೋಣೆಯಲ್ಲಿ ಒಂಬತ್ತು ವರ್ಷದ ಮಗ ಅವಿನ್ ಓದುತ್ತಿದ್ದ ಪಾಠದ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು.

ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಆಟಿಯಲ್ಲಿ ಹಿರಿಯರ ಎಲೆಗಳ ಸಾಲಿನ ಕೊನೆಗೆ ಒಂದು ಕುಡಿ ಎಲೆ, ಅದರಲ್ಲಿ ಉಪ್ಪು ಖಾರವಿಲ್ಲದ ಮೆತ್ತಗಿನ ಅನ್ನ ಬಡಿಸುವುದನ್ನು ಪ್ರತಿವರ್ಷ ನೋಡುತ್ತಿದ್ದ. ಒಮ್ಮೆ, ತೀರ ಚಿಕ್ಕವನಿದ್ದಾಗ, ಅದು ಯಾರಿಗೆ ಎಂದು ಬಾಯಿ ತೆರೆದವನಿಗೆ ಅಜ್ಜಿ ಒಂದು ತುತ್ತು ಪಾಯಸ ತುರುಕಿದ್ದರು. ಆಮೇಲೆ ಅವನು ಅದನ್ನು ಎತ್ತಲಿಲ್ಲ. ಆ ಎಲೆಯನ್ನು ದಾಟುವಾಗ ಮಾತ್ರ ಕಾಲು ತಾಗದಂತೆ ಸುತ್ತು ಹಾಕಿ ಹೋಗುತ್ತಿದ್ದ.

ಪ್ರೀತಿಕಾ ಕಿಟ್ಟಣ್ಣನನ್ನು ಗೇಟಿನ ತನಕ ಬಿಟ್ಟಳು. "ನಿಧಾನಕ್ಕೆ ಫೋನ್ ಮಾಡು" ಎಂದು ಅವರು ತಲೆಯ ಮೇಲೆ ಕೈ ಇಟ್ಟರು. ಅವಳು ಒಪ್ಪುತ್ತೇನೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಒಪ್ಪಿದರೆ ಬರುವ ಆಟಿಗೆ ಆ ಕುಡಿ ಎಲೆ ಅವಳ ಮನೆಯಲ್ಲಿ ಇರುವುದಿಲ್ಲ. ಒಪ್ಪದಿದ್ದರೆ ಮಗಳು ಹೆಸರಿಲ್ಲದೆ ಎಷ್ಟು ವರ್ಷ ಬಾಗಿಲಲ್ಲೇ ನಿಂತಿರಬೇಕು?

ಮೇಲೆ ಹತ್ತುವಾಗ ಮೆಟ್ಟಿಲ ತಿರುವಿನಲ್ಲಿ ಅವಿನ್ ಕುಳಿತಿದ್ದ. ಕೆಳಗಿನ ಮನೆಯ ಆಯಿಶತ್ ಶಿಫಾ ಸೈಕಲಿನ ಬೆಲ್ಲು ಹೊಡೆದು, "ಅವಿನ್, ಬರುದಿಲ್ವಾ ನೀನು? ಸೋಲ್ತಿ ಅಂತ ಹೆದರಿಕೆಯಾ?" ಎಂದು ಕೂಗಿದಳು. "ಮತ್ತೆ ಬರ್ತೇನೆ" ಎಂದ ಅವನು, ಅವಳ ಕಡೆ ನೋಡದೆ.

ಅಮ್ಮನಿಗೆ ಕೂರಲು ಜಾಗ ಮಾಡಿಕೊಟ್ಟ. ಅವಳು ಕುಳಿತಳು. ಅವನ ಮೊಣಕಾಲು ಅವಳ ಮೊಣಕಾಲಿಗೆ ತಾಗುತ್ತಿತ್ತು.

"ಅಮ್ಮಾ, ನೀನು ಅಕ್ಕನನ್ನು ಎಂತ ಹೇಳಿ ಕರೀತಿದ್ದದ್ದು?"