ವಾಲಿದ ಗಾದಿಲಿಂಗಪ್ಪ

ಅವತ್ತು ಬೆಳಗಾದರೂ ಹೊಳೆಯ ಮೇಲಿನ ಮಂಜು ಕಂಪ್ಲಿಯನ್ನು ಬಿಟ್ಟು ಕದಲಿರಲಿಲ್ಲ. ಹಾಗಾಗಿ ಗಾದಿಲಿಂಗಪ್ಪನ ರೈಸ್ ಮಿಲ್ಲಿನ ಮುಂದೆ ಕಟ್ಟಿದ್ದ ಫ್ಲೆಕ್ಸನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಶಿವನ ದಯೆ ಅಷ್ಟು ಹೊತ್ತು ಮಾತ್ರ.

ಹೊಸ ಮಿಷಿನ್ನಿನ ಪೂಜೆ ಇತ್ತು. ದೀಪಾವಳಿಗೆ ಮುಂಚೆ ಗಾದಿಲಿಂಗಪ್ಪ ಹಂಪಿಗೆ ಹೋಗಿ, ವಿರೂಪಾಕ್ಷನ ಮುಂದೆ ಆಣೆ ಮಾಡಿ ಕುಡಿತ ಬಿಟ್ಟಿದ್ದ. ದೇವರು ನಂಬಿದ್ದ, ಹೆಂಡತಿ ತಾಯಕ್ಕ ಇನ್ನೂ ವಿಚಾರ ಮಾಡುತ್ತಿದ್ದಳು. ಅವಳೂ ನಂಬಲಿ ಎಂದೇ, ಇಬ್ಬರೂ ಮಿಲ್ಲಿನ ಬಾಗಿಲಲ್ಲಿ ಕೈಮುಗಿದು ನಿಂತ ಫೋಟೊವನ್ನು ಫ್ಲೆಕ್ಸಿಗೆ ಹಾಕಿಸಿದ್ದ.

ಫ್ಲೆಕ್ಸ್ ಅಂಗಡಿಯ ತಿಪ್ಪೇಶನಿಗೆ ಅವನು ಹೇಳಿದ್ದು ಒಂದೇ ಮಾತು: "ಅಕ್ಷರ ಸುಮ್ನ ನಿಂತಂಗ ಇರಬಾರ್ದಲೇ. ಓಡ್ತಿರಬೇಕು."

ಚಿತ್ರ ಮಾಡುವ ಕೋರಲ್ ಸಾಫ್ಟ್‌ವೇರಿನಲ್ಲಿ ಅದೇನು ಕಷ್ಟವಲ್ಲ. ಅಕ್ಷರದ ಮೇಲೆ ಒಮ್ಮೆ ಒತ್ತಿದರೆ ಸುತ್ತ ಚೌಕಗಳು ಬರುತ್ತವೆ. ಇನ್ನೊಮ್ಮೆ ಒತ್ತಿದರೆ ಅವು ಬಾಣಗಳಾಗುತ್ತವೆ. ಮೇಲಿನ ಬಾಣ ಹಿಡಿದು ಬಲಕ್ಕೆ ಎಳೆದರೆ ಅಕ್ಷರದ ಕಾಲು ಇದ್ದಲ್ಲೇ ಇದ್ದು ತಲೆ ಮುಂದೆ ಹೋಗುತ್ತದೆ. ಆದರೆ ತಿಪ್ಪೇಶ ಅಕ್ಷರ, ಫೋಟೊ ಎಲ್ಲವನ್ನೂ ಮೊದಲೇ ಒಂದು ಗುಂಪು ಮಾಡಿಟ್ಟಿದ್ದ, ಒಂದನ್ನು ಎಳೆದರೆ ಎಲ್ಲವೂ ಬರುವ ಹಾಗೆ. ಅಕ್ಷರ ಓಡುವ ಖುಷಿಯಲ್ಲಿ ಉಳಿದದ್ದರ ಕಡೆ ನೋಡಲಿಲ್ಲ.

ಮಂಜು ಸರಿಯಿತು. ಆರತಿ ತಟ್ಟೆ ಹಿಡಿದು ಬಂದ ತಾಯಕ್ಕ ತಲೆಯೆತ್ತಿದಳು. ಫ್ಲೆಕ್ಸಿನಲ್ಲಿ ಗಾದಿಲಿಂಗಪ್ಪ ಕೈಮುಗಿದುಕೊಂಡೇ ಬಲಕ್ಕೆ ವಾಲಿದ್ದ. ಹಣೆಯ ಮೇಲಿನ ಮೂರೆಳೆ ವಿಭೂತಿ ಮಾತ್ರ ಒಂದಿಷ್ಟೂ ಸೊಟ್ಟಗಾಗಿರಲಿಲ್ಲ. ಅದು ದೇವರ ವಸ್ತು.

"ಫೋಟೊಕ್ಕ ನಿಲ್ಲುವಾಗ್ಲೂ ಹಾಕ್ಕಂಡಿದ್ರೇನು?"

"ಇಲ್ಲಲೇ! ವಿರೂಪಾಕ್ಷನ ಆಣಿ!"

"ಆತನ ಮ್ಯಾಲ ಒರಗಬ್ಯಾಡ್ರಿ. ಆತಗೂ ವಯಸ್ಸಾಗೈತಿ."

ಅಷ್ಟಂದವಳೇ ಗಂಡನ ಕೈಯಿಂದ ಮಿಲ್ಲಿನ ಕೀಲಿ ಕಸಿದು ಸೆರಗಿಗೆ ಗಂಟು ಹಾಕಿಕೊಂಡಳು. "ಮಿಷಿನ್ನೂ ಬ್ಯಾಡ, ಏನೂ ಬ್ಯಾಡ. ನಾನು ಸಂಡೂರಿಗೆ, ತವ್ರಿಗೆ ಹೊಂಟೆ."

ಪೂಜೆಗೆ ಬಂದಿದ್ದ ಐನೋರು ತೆಂಗಿನಕಾಯಿ ಕೆಳಗಿಟ್ಟು ಕುಂತರು.

ಪೂಜೆಗೆ ಬಂದು ಒಂದು ಬದಿಗೆ ಮಿರ್ಚಿ ಬಜ್ಜಿ ತಿನ್ನುತ್ತಿದ್ದ ತಿಪ್ಪೇಶ ಫ್ಲೆಕ್ಸನ್ನು ಆಗಲೇ ಮೊದಲ ಸಲ ಪೂರ್ತಿ ನೋಡಿದ. ತಿನ್ನುವುದು ನಿಂತಿತು.

"ಅಕ್ಕಾರ, ಅಣ್ಣನ ಪಕ್ಕಕ್ಕ ನೋಡ್ರಿ."

"ಪಕ್ಕಕ್ಕ ನಾನೇ ಅದೀನಿ."

"ನೀವೂ ಬಲಕ್ಕ ಅಷ್ಟಾ ವಾಲೀರಿ."

ತಾಯಕ್ಕ ನೋಡಿದಳು. "ಆತನ್ನ ಹಿಡಿಯಾಕ ಹೋಗಿದ್ದೆ."

"ಹಿಡಿಯಾಕ ಹೋದೋರು ಆತನ್ನ ಬಿಟ್ಟು ಅತ್ಲಾಗ ಹೊಂಟೀರಲ್ರಿ! ಹಿಂದ್ಗಡೆ ಬಾಗ್ಲಾ ನೋಡ್ರಿ, ಅದೂ ವಾಲೈತಿ. ಬಾಗ್ಲಿಗೆ ಯಾರು ಕುಡ್ಸಿದ್ರು?"

ಮೊದಲು ನಕ್ಕವರು ಐನೋರು. ತಿಪ್ಪೇಶ ಕೈ ಒರೆಸಿಕೊಂಡು, ಅಕ್ಷರದ ಜೊತೆ ಫೋಟೊನೂ ಎಳೆದವನು ತಾನೇ ಎಂದು ಒಪ್ಪಿಕೊಂಡು, ಮೊಬೈಲಿನಲ್ಲಿದ್ದ ಮೂಲ ಫೋಟೊ ತೋರಿಸಿದ. ಅದರಲ್ಲಿ ಗಂಡ, ಹೆಂಡತಿ, ಬಾಗಿಲು, ಮೂವರೂ ನೆಟ್ಟಗಿದ್ದರು. ತಾಯಕ್ಕ ಎರಡು ಬೆರಳಿಂದ ಗಂಡನ ಮುಖ ಹಿಗ್ಗಿಸಿ ಕಣ್ಣನ್ನೇ ಬಹಳ ಹೊತ್ತು ನೋಡಿದಳು. ಕಣ್ಣು ಕೆಂಪಿರಲಿಲ್ಲ.

"ಲೇ ತಿಪ್ಪೇಶ, ಮೊದ್ಲು ಅದನ್ನ ಬಿಚ್ಚು. ನೆಟ್ಟಗ ಮಾಡ್ಕಂಬಾ, ಆಮ್ಯಾಲ ಮಿರ್ಚಿ," ಎಂದಳು.

ಐನೋರು ತೆಂಗಿನಕಾಯಿ ಎತ್ತಿಕೊಂಡು ಮಂತ್ರ ಶುರುಮಾಡಿದರು. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರು. ತಾಯಕ್ಕ ಗಂಡನ ಪಕ್ಕಕ್ಕೆ ಬಂದು ನಿಂತು, ಸೆರಗಿನ ಗಂಟು ಬಿಚ್ಚಿ, ಮುಖ ನೋಡದೆ ಅವನ ಮುಗಿದ ಅಂಗೈಗಳ ನಡುವೆ ಕೀಲಿ ಇಟ್ಟಳು.