ಅಮ್ಮಯಮ್ಮನ ಮಂಡಿ, ಸೊಸೆಯ ವಿಮೆ

ಅವರೆಕಾಯಿಯ ಸೊಗಡು ಬೀದಿಗೆಲ್ಲ ಹರಡುವ ಕಾಲ. ಹೊತ್ತು ಆಗಷ್ಟೇ ಹುಟ್ಟಿತ್ತು. ದೊಡ್ಡಬೆಳವಂಗಲದ ಹೊಲಗಳ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಅಮ್ಮಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಅವರೆ ಸುಲಿಯುತ್ತಿದ್ದಳು. ಚಾಚಿದ ಬಲಗಾಲನ್ನು ಮಡಿಸಲು ಬಾರದು. ಕೊಟ್ಟಿಗೆಯಲ್ಲಿದ್ದ ಹಸುವೋ, ಅವಳ ಕೈಗಲ್ಲದೆ ಬೇರೆಯವರ ಕೈಗೆ ಸರಿಯಾಗಿ ಹಾಲು ಕೊಡದು. ಮಂಡಿಯ ಕೀಲನ್ನೇ ಬದಲಿಸಬೇಕೆಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಸರ್ಕಾರದ ಆರೋಗ್ಯ ಕಾರ್ಡೇನೋ ಇತ್ತು, ಆದರೆ ಮನೆಯದು ಎಪಿಎಲ್ ರೇಷನ್ ಕಾರ್ಡು. ಖರ್ಚಿನಲ್ಲಿ ಒಂದು ಪಾಲಷ್ಟೇ ಸಿಗುವುದು. ಮಗ ವಸಂತ್ ಸ್ವಂತ ಗೂಡ್ಸ್ ಆಟೋ ಓಡಿಸುವವನು, ಅವನಿಗೆ ಕಂಪನಿಯೂ ಇಲ್ಲ, ಕಂಪನಿಯ ವಿಮೆಯೂ ಇಲ್ಲ.

ಆ ಬೆಳಿಗ್ಗೆ ವಸಂತನ ಹೆಂಡತಿ ರಮ್ಯ, ಸೋಂಪುರದ ಫ್ಯಾಕ್ಟರಿ ಬಸ್ಸಿಗೆ ಹೊರಡುವ ಮೊದಲು ಒಂದು ಸುದ್ದಿ ಹೇಳಿದಳು. ಸೂಪರ್‌ವೈಸರ್ ಆದ ಮೇಲೆ ಅವಳ ಸಂಬಳ ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐನ ಮಿತಿ ದಾಟಿತ್ತು. ಇನ್ನು ಇಎಸ್‌ಐ ಇಲ್ಲ. ಬದಲಿಗೆ ಕಂಪನಿಯೇ ಗುಂಪು ವಿಮೆ ಮಾಡಿಸುತ್ತದೆ. ಅವಳ, ಗಂಡನ, ಮಗುವಿನ ಕಂತನ್ನು ಕಂಪನಿಯೇ ಕಟ್ಟುತ್ತದೆ. ಹಿರಿಯರನ್ನೂ ಸೇರಿಸಬಹುದು, ಅವರ ಕಂತಿನಲ್ಲಿ ಅರ್ಧವನ್ನು ಅವಳ ಸಂಬಳದಲ್ಲಿ ಮುರಿಯುತ್ತಾರೆ. ಹಳೆಯ ನೋವಿಗೂ ಮೊದಲ ದಿನದಿಂದಲೇ ನಡೆಯುತ್ತದೆ. ಆದರೆ ಹೆತ್ತವರು ಇಲ್ಲವೇ ಅತ್ತೆ ಮಾವ, ಒಂದು ಕಡೆಯವರು ಮಾತ್ರ.

ಬೇರೆ ಮನೆಯಲ್ಲಾದರೆ ಜಗಳ ಹತ್ತುತ್ತಿತ್ತು. ಇಲ್ಲೂ ಹತ್ತಿತು, ಆದರೆ ತಿರುಗುಮುರುಗಾಗಿ. ರಮ್ಯಳ ತಾಯಿ ಮಾರಕ್ಕ ಅಮ್ಮಯಮ್ಮನ ಹಿರಿಯ ಮಗಳು. ವಸಂತ್ ಕಿರಿಯ ಮಗ. ರಮ್ಯ ಸೋದರಮಾವನನ್ನೇ ಮದುವೆಯಾಗಿದ್ದಳು. ಹಾಗಾಗಿ ಅವಳಿಗೆ ಅತ್ತೆಯೂ ಅಜ್ಜಿಯೂ ಒಬ್ಬಳೇ. ನಮ್ಮವ್ವನ ಹೆಸರು ಹಾಕು ಎಂದು ಮಾರಕ್ಕ ಫೋನಿನಲ್ಲಿ ಹಟ ಹಿಡಿದಳು. ಅಮ್ಮಯಮ್ಮ ಒಪ್ಪಲಿಲ್ಲ.

"ನಾನು ಕುಂತ್ಕಡೆ ಕುಂತಿರ್ತೀನಿ ಬಿಡು. ಹೆತ್ತೋರ್ನ ಕೈಬಿಟ್ಲು ಅಂತ ಮಗೀಗೆ ಕೆಟ್ಟೆಸ್ರು ಬ್ಯಾಡ," ಎಂದಳು.

ಈ ಗಂಟು ಬಿಡಿಸಿದವನು ಫ್ಯಾಕ್ಟರಿ ಆಫೀಸಿನ ಅನಿಲ್‌ಕುಮಾರ್. ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ರಮ್ಯಳನ್ನು ಕೇಳಿದ. ತಂದೆ ಮುನಿವೆಂಕಟಪ್ಪ ಊರ ಹಾಲಿನ ಸೊಸೈಟಿಯ ಸದಸ್ಯ. ಹಾಗಿದ್ದರೆ ಸೊಸೈಟಿ ಮೂಲಕ ಗಂಡಹೆಂಡತಿ ಸಹಕಾರ ಸಂಘದವರಿಗಿರುವ ಯಶಸ್ವಿನಿ ವಿಮೆ ಮಾಡಿಸಿಕೊಳ್ಳಲಿ, ಕಂಪನಿಯದರಲ್ಲಿ ಅತ್ತೆಯನ್ನು ಹಾಕಿ ಎಂದ. ಮಾರಕ್ಕ ಗೆದ್ದಳು. ಅಮ್ಮಯಮ್ಮ ಗೊಣಗುತ್ತಲೇ ಹಸುವಿನ ಕಡೆ ನೋಡಿ ನಕ್ಕಳು.

ತೊಡಕು ಬಂದದ್ದು ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ. ವಿಮೆಯ ಮೇಜಿನ ಹಿಂದೆ ಸಂಘಮಿತ್ರ ಎಂಬ ಹುಡುಗಿ ಇದ್ದಳು. ರಮ್ಯ ನಿಮಗೆ ಏನಾಗಬೇಕು ಎಂದು ಅವಳು ಅಮ್ಮಯಮ್ಮನನ್ನು ಕೇಳಿದಳು.

"ಮೊಮ್ಮಗ್ಳು ಕಣವ್ವ."

ಹುಡುಗಿಯ ಕೈ ನಿಂತಿತು. ಇಲ್ಲಿ ಅತ್ತೆ ಅಂತ ಬರೆದಿದೆ, ಅಜ್ಜಿಯರಿಗೆ ಇದು ನಡೆಯಲ್ಲ, ಸುಳ್ಳು ಸಂಬಂಧ ಬರೆಸಿದರೆ ವಿಮೆ ಕಂಪನಿಯವರು ಒಂದು ರೂಪಾಯಿಯನ್ನೂ ಕೊಡಲ್ಲ ಎಂದಳು. ವಸಂತ್ ಬಿಡಿಸಿ ಹೇಳಲು ಹೋದ. ಅವರೇ ಹೇಳಲಿ ಎಂದಳು ಹುಡುಗಿ.

ಮದುವೆಯ ದಿನ ಮಾರಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಿಂತಾಗ ಅಮ್ಮಯಮ್ಮನೇ ಮಾತು ಕೊಟ್ಟಿದ್ದಳು: ಇವಳನ್ನು ನಾನು ಸೊಸೆ ಅನ್ನಲ್ಲ ಕಣೇ, ನಮ್ಮನೆಯಲ್ಲಿ ಮೊಮ್ಮಗಳಾಗೇ ಇರ್ತಾಳೆ. ಅಂದಿನಿಂದ ಸೊಸೆ ಎಂಬ ಪದ ಅವಳ ನಾಲಿಗೆಯ ಮೇಲೆ ಬಂದಿರಲಿಲ್ಲ. ಈಗ ಬರದಿದ್ದರೆ ಹೊಸ ಮಂಡಿಯಿಲ್ಲ.

"ಹೇಳಜ್ಜಿ," ಎಂದಳು ರಮ್ಯ. "ಸೊಸೆ ಅಂದ್ರೆ ನಾನೇನು ಸವೆದೋಗ್ತೀನಾ?"

ಅಮ್ಮಯಮ್ಮ ಸೆರಗು ಸರಿಮಾಡಿಕೊಂಡಳು.

"ಹುಟ್ದಾಗ ಮೊಮ್ಮಗ್ಳು, ತಾಳಿ ಕಟ್ಟಿದ್ ಮ್ಯಾಲೆ ಸೊಸೆ. ನಿಮ್ ಕಂಪ್ನಿಗೆ ಯಾವ್ದು ಆಗುತ್ತೋ ಅದ್ನ ಬರ್ಕೊ ತಾಯಿ. ನಂಗೆ ಎರಡೂ ಆಗುತ್ತೆ."

ಸಂಘಮಿತ್ರ ನಕ್ಕುಬಿಟ್ಟಳು. ತನ್ನ ದೊಡ್ಡಮ್ಮನ ಮದುವೆಯೂ ಹೀಗೇ ಎಂದು ಹೇಳಿ, ರೇಷನ್ ಕಾರ್ಡಿನ ನಕಲು ಇಸಿದುಕೊಂಡಳು. ಅದರಲ್ಲಿ ರಮ್ಯಳ ಹೆಸರಿನ ಮುಂದೆ ಸೊಸೆ ಎಂದೇ ಇತ್ತು. ಸಂಜೆಯೊಳಗೆ ಒಪ್ಪಿಗೆ ಬಂತು.

ಆಪರೇಷನ್ ಆದ ಮೇಲೆ ಬಾಣಂತಿಯನ್ನು ನೋಡಿಕೊಂಡಂತೆ ಮಾರಕ್ಕ ಬಂದು ತಾಯಿಯನ್ನು ನೋಡಿಕೊಂಡಳು. ಹೊಸ ಮಂಡಿಯಲ್ಲೂ ಕುಕ್ಕರಗಾಲಿನಲ್ಲಿ ಕೂರಬಾರದೆಂದು ಡಾಕ್ಟರು ಹೇಳಿದ್ದರಿಂದ ವಸಂತ್ ಎತ್ತರದ ಸ್ಟೂಲು ಮಾಡಿಸಿದ. ಯುಗಾದಿ ಕಳೆದ ಮರುವಾರ ಅಮ್ಮಯಮ್ಮ ಅದರ ಮೇಲೆ ಕುಳಿತು ಕೆಚ್ಚಲಿಗೆ ಕೈ ಹಾಕಿದಳು. ಹಸು ಒಮ್ಮೆ ತಿರುಗಿ ನೋಡಿ ಹಾಲು ಬಿಟ್ಟಿತು.

ಶುಕ್ರವಾರ ಹೊರಡುತ್ತೇನೆಂದಳು ಮಾರಕ್ಕ. ಶುಕ್ರವಾರ ಮನೆಮಗಳನ್ನು ಕಳಿಸುವುದುಂಟೇ ಎಂದು ತಾಯಿ ತಡೆದಳು. ಕೊನೆಗೆ ಮಗಳು ಹೊರಟ ದಿನ ಬಸ್ ನಿಲ್ದಾಣದ ತನಕ ತಾನೇ ನಡೆದು ಬಂದಳು, ಕೋಲಿಲ್ಲದೆ.

"ಇನ್ಮೇಲೆ ಅವಳ್ನ ಸೊಸೆ ಅಂತೀಯೇನವ್ವ?" ಎಂದು ಕಿಟಕಿಯಿಂದ ಕೆಣಕಿದಳು ಮಗಳು.

"ಆಸ್ಪತ್ರೆಯಾಗೆ ಮಾತ್ರ," ಎಂದಳು ಅಮ್ಮಯಮ್ಮ.

ಬಸ್ಸು ಹೊರಟಿತು. ಶುಕ್ರವಾರ ಹೊರಡಬೇಕಿದ್ದ ಮಾರಕ್ಕ ಊರಿಗೆ ಹೋದದ್ದು ಭಾನುವಾರ.