ಸುಳ್ಳಿನ ವ್ಯಾನು

ಕಾರುಗಳು ತಮ್ಮತಮ್ಮಲ್ಲೇ ಮಾತಾಡುವಂತೆ ಮಾಡುವುದು ನಮ್ಮ ಕಸುಬು. ಮುಂದಿನ ಕಾರು ಅಪಾಯ ಕಂಡರೆ ಹಿಂದಿನದಕ್ಕೆ ಹೇಳುತ್ತದೆ, ಅದು ತನ್ನ ಹಿಂದಿನದಕ್ಕೆ. ನಡುವೆ ಯಾರಾದರೂ ಸುಳ್ಳು ಸುದ್ದಿ ಹಬ್ಬಿಸಿದರೆ? ಅದಕ್ಕೇ ಪ್ರತಿ ಕಾರೂ ಉಳಿದವಕ್ಕೆ ನಂಬಿಕೆಯ ಅಂಕ ಕೊಡುತ್ತದೆ. ಅಂಕ ಕಳೆದುಕೊಂಡ ಗಾಡಿಯ ಮಾತನ್ನು ಯಾವ ಕಾರೂ ಕೇಳುವುದಿಲ್ಲ, ಬೇರೆಯವಕ್ಕೆ ದಾಟಿಸುವುದೂ ಇಲ್ಲ.

ಇದನ್ನು ಪರೀಕ್ಷಿಸಲು ಒಬ್ಬ ಸುಳ್ಳುಗಾರ ಬೇಕಿತ್ತು. ನೀಲಿ ವ್ಯಾನಿಗೆ ಡ್ರೈವರ್ ಆಗಿ ನನ್ನ ಅಣ್ಣನನ್ನೇ ಸೇರಿಸಿದೆ. ಖಾಲಿ ರಸ್ತೆಯಲ್ಲಿ ಆರಾಮಾಗಿ ಹೋಗುತ್ತಾ ‘ಅಪಾಯ’ದ ಗುಂಡಿ ಒತ್ತುವುದು ಅವನ ಕೆಲಸ.

“ಸಂಬಳ ಕೊಟ್ಟು ಸುಳ್ಳು ಹೇಳಿಸ್ತೀರಲ್ಲೇ! ಇದಕ್ಕೇ ಅಲ್ವಾ ಅಮ್ಮ ನಂಗೆ ಬೆನ್ನು ಮುರಿಯೋ ಹಾಗೆ ಹೊಡೀತಿದ್ದಿದ್ದು,” ಎಂದು ನಗುತ್ತಿದ್ದ.

ಕಾರುಗಳು ಪಾಠ ಚೆನ್ನಾಗಿಯೇ ಕಲಿತವು, ವ್ಯಾನಿನ ಮಾತು ಕೇಳುವುದನ್ನೇ ಬಿಟ್ಟವು. ಆಮೇಲೆ ಮ್ಯಾನೇಜರ್ ಅದೇ ವ್ಯಾನನ್ನು, ಮುಂದಿನ ಗಾಡಿಯ ಸಂದೇಶ ಕೇಳಿ ಹಿಂದಿನ ಕಾರು ತಾನೇ ಬ್ರೇಕ್ ಹಾಕುವ ನಿಜವಾದ ಪರೀಕ್ಷೆಗೂ ಹಾಕಿದರು. ಮೊದಲು ಅದರ ಹಳೇ ಅಂಕ ಅಳಿಸಿ ಎಂದು ಬಡಕೊಂಡೆ. ಭದ್ರತಾ ವಿಭಾಗದವರು ಒಪ್ಪಬೇಕು ಎಂದರು ಮ್ಯಾನೇಜರ್. ಭದ್ರತಾ ವಿಭಾಗದವರು ಮ್ಯಾನೇಜರ್ ಹೇಳಲಿ ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿ ನನಗೆ ಸಾಕಾಗಿ ಹೋಗಿತ್ತು. ನಾನು ಬೇರೊಂದು ಸಭೆಯಲ್ಲಿ ಕೂತಿದ್ದಾಗ ಪರೀಕ್ಷೆ ಶುರುಮಾಡಿಯೇಬಿಟ್ಟರು.

ತಿರುವಿನಾಚೆ ಅಣ್ಣನ ವ್ಯಾನು ಟೈರು ಸಿಡಿದು ರಸ್ತೆಗೆ ಅಡ್ಡ ನಿಂತಿತು. ಅವನು ಗುಂಡಿ ಒತ್ತಿದ, ಮತ್ತೆ ಮತ್ತೆ ಒತ್ತಿದ. ಹಿಂದಿದ್ದ ಬಿಳಿ ಕಾರಿನ ಡ್ರೈವರ್, ಕಾರೇ ಬ್ರೇಕ್ ಹಾಕಿಕೊಳ್ಳಲಿ ಎಂಬ ನಿಯಮದಂತೆ, ಪೆಡಲ್ ಮೇಲಿಂದ ಕಾಲು ತೆಗೆದು ಕೂತಿದ್ದ. ಕಾರು ನೇರ ಬಂದು ಗುದ್ದಿತು. ಅಣ್ಣನ ತೊಡೆಮೂಳೆ ಮುರಿಯಿತು.

ವ್ಯಾನಿನ ಡ್ರೈವರ್ ಗುಂಡಿ ಒತ್ತಲೇ ಇಲ್ಲ ಎಂದು ಸಭೆಯಲ್ಲಿ ತೀರ್ಮಾನಿಸಿ, ಅವನನ್ನು ಕೆಲಸದಿಂದ ತೆಗೆಯಲು ಹೊರಟರು. ಮೆಮೊರಿಯಲ್ಲಿ ಜಾಗ ದಂಡ ಎಂದು, ನಂಬದ ಗಾಡಿಯ ಸಂದೇಶವನ್ನು ನಮ್ಮ ಕಾರುಗಳು ದಾಖಲಿಸುವುದಿಲ್ಲ. ಸುಳ್ಳಿನ ವ್ಯಾನಿಗೆ ದಾಖಲೆ ಪೆಟ್ಟಿಗೆ ಯಾಕೆಂದು ಅದರಲ್ಲೂ ಇಟ್ಟಿರಲಿಲ್ಲ.

“ಒತ್ತಿದೆ ಅಂತ ಅವನೇ ಹೇಳ್ತಿದಾನಲ್ಲ ಸರ್!” ಎಂದೆ.

“ಅವನು ಹೇಳೋದನ್ನ...” ಎಂದು ಮ್ಯಾನೇಜರ್ ಅರ್ಧಕ್ಕೇ ನಿಲ್ಲಿಸಿದರು. ಯಾರೋ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು ಹೇಳಿಸಿದವರು ನಾವು, ಸುಳ್ಳುಗಾರ ಮಾತ್ರ ಅವನು!

ಆಸ್ಪತ್ರೆಯಲ್ಲಿ ಅತ್ತಿಗೆ ನನ್ನ ಮುಖ ನೋಡಲಿಲ್ಲ. ಸಭೆಯ ವಿಷಯ ಹೇಳಿದೆ. ಅಣ್ಣ ಫ್ಯಾನ್ ನೋಡುತ್ತಾ ಮಲಗಿದ್ದ.

“ಕೆಲಸ ಹೋದ್ರೆ ಹೋಗ್ಲಿ ಬಿಡೇ. ಬಿಳಿ ಕಾರಿನೋನು ಹೊರಗಡೆ ಕೂತಿದಾನಂತೆ. ನಾನು ಒತ್ತಿದೆ ಅಂತ ಅವನಿಗಾದ್ರೂ ಹೇಳು. ದಿನಾ ಜೊತೇಲಿ ಊಟ ಮಾಡಿದೋನು.”

ಅವನು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅಂಕದ ಕಥೆಯಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದೆ. ಸಮಾಧಾನವಾಗಿಯೇ ಕೇಳಿಸಿಕೊಂಡ.

“ನೀವು ಅವನ ತಂಗಿ ಅಲ್ವಾ ಮೇಡಂ,” ಎಂದ. “ನೀವು ಹಾಗೇ ಹೇಳ್ಬೇಕು.”